ಬ್ರಿಟಿಷ್ ಕಾಲದ ಸೇನಾಧಿಕಾರಿಯ ಪದಕಗಳನ್ನು ಓದುವುದು, ಅವರ ಸೇವೆಯ ಜಾಡು ಹಿಡಿಯುವುದು

ಹಳೆಯ ಪದಕ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ರಾಜ ರಾಣಿಯರ ತಲೆಯ ಮೇಲೆ. ಕೆಲಸಕ್ಕೆ ಬರುವ ಮಾಹಿತಿ ಇರುವುದು ಅಂಚಿನಲ್ಲಿ. ಬಿಲ್ಲೆಯ ದಪ್ಪದ ಮೇಲೆ, ಸುತ್ತಲೂ, ಅಧಿಕಾರಿಯ ಹುದ್ದೆ, ಹೆಸರು, ಹಲವು ಸಲ ಪಲ್ಟನ್ನಿನ ಹೆಸರೂ ಇರುತ್ತದೆ. ಆ ಒಂದು ಸಾಲು ಸಿಕ್ಕರೆ ಅವರ ಮೂವತ್ತು ವರ್ಷದ ಸೇವೆಯನ್ನು ಕಾಗದಪತ್ರಗಳಲ್ಲಿ ಹುಡುಕಿ ತೆಗೆಯಬಹುದು. ಆ ಸಾಲು ಸವೆದುಹೋದರೆ ಉಳಿಯುವುದು ಬೆಳ್ಳಿಯ ತೂಕ ಮಾತ್ರ. ಅದಕ್ಕೇ ಈ ಕೆಲಸದ ಮೊದಲ ಹೆಜ್ಜೆ ಒರೆಸದಿರುವುದು, ತಿಕ್ಕದಿರುವುದು.

ಮೊದಲ ದಿನ ಮಾಡಬೇಕಾದ್ದು

ಬೇಕಾದ ಸಾಮಾನು ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದಾದರೂ ಸರಿ), ಒಂದು ವರ್ನಿಯರ್ ಕ್ಯಾಲಿಪರ್, 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ನೈಟ್ರೈಲ್ ಅಥವಾ ಹತ್ತಿಯ ಕೈಗವಸು, ಮೆತ್ತನೆಯ ಬಿಳಿ ಬಟ್ಟೆ.

ಪದಕಗಳು ಒಂದೇ ಪಿನ್ನಿಗೆ ಸಾಲಾಗಿ ಹೊಲಿದುಕೊಂಡಿದ್ದರೆ ಹೊಲಿಗೆ ಬಿಚ್ಚಬೇಡಿ. ಆ ಸಾಲೇ ಒಂದು ದಾಖಲೆ. ಧರಿಸಿದವರ ಬಲಗಡೆಯಿಂದ, ಅಂದರೆ ಎದುರು ನಿಂತು ನೋಡುವವರ ಎಡಗಡೆಯಿಂದ, ಮೊದಲು ಬಿರುದು ಮತ್ತು ಶೌರ್ಯದ ಪದಕಗಳು, ಆಮೇಲೆ ಯುದ್ಧಗಳ ಪದಕಗಳು ಕಾಲಕ್ರಮದಲ್ಲಿ, ಕೊನೆಗೆ ದೀರ್ಘ ಸೇವೆಯಂಥವು. ಈ ಕ್ರಮ ತಪ್ಪಿದ್ದರೆ ಯಾರೋ ನಂತರ ಬಿಚ್ಚಿ ಜೋಡಿಸಿದ್ದಾರೆ, ಅಥವಾ ಎರಡು ತಲೆಮಾರಿನ ಪದಕಗಳು ಒಂದಾಗಿವೆ ಎಂದು ಅನುಮಾನಿಸಬೇಕು. ತಂದೆಯದೂ ಮಗನದೂ ಒಂದೇ ಡಬ್ಬಿಯಲ್ಲಿ ಸೇರಿಕೊಳ್ಳುವುದು ಬಹಳ ಸಾಮಾನ್ಯ.

ಫೋಟೊಗೆ ಫ್ಲಾಶ್ ಬೇಡ. ಕಿಟಕಿಯ ಪಕ್ಕ ಪದಕವನ್ನು ನಿಲ್ಲಿಸಿ ಬೆಳಕು ಓರೆಯಾಗಿ ಅಂಚಿನ ಮೇಲೆ ಬೀಳುವಂತೆ ಮಾಡಿದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಮುಖಕ್ಕೆ ಒಂದು, ಹಿಂಬದಿಗೆ ಒಂದು, ಅಂಚಿಗೆ ಕಾಲು ಸುತ್ತಿಗೊಂದರಂತೆ ನಾಲ್ಕು, ಕೊಂಡಿಗೆ ಎರಡು ಬದಿಯಿಂದ ಎರಡು. ನಕ್ಷತ್ರದ ಆಕಾರದ ಪದಕಗಳಲ್ಲಿ ಹೆಸರು ಹಿಂಬದಿಯ ಸಪಾಟಿನ ಮೇಲಿರುತ್ತದೆ. ಅಕ್ಷರಗಳನ್ನು ಕಂಡದ್ದು ಕಂಡ ಹಾಗೆ ಬರೆದುಕೊಳ್ಳಿ. ಚುಕ್ಕೆ, ಅಡ್ಡಗೆರೆ, ಅರ್ಧ ಕಾಣುವ ಅಂಕಿ ಯಾವುದನ್ನೂ ಊಹೆಯಿಂದ ತುಂಬಬೇಡಿ. 23 ಅನ್ನು 28 ಎಂದುಕೊಂಡು ಹುಡುಕುತ್ತ ಕೂತವರು ಬೇರೆಯೇ ಪಲ್ಟನ್ನಿಗೆ ಹೋಗಿ ಮುಟ್ಟುತ್ತಾರೆ.

ಅಂಚು ಏನು ಹೇಳುತ್ತದೆ

ಹೆಸರು ಬರೆದ ರೀತಿ ಮುಖ್ಯವಾಗಿ ಎರಡು. ಒಂದು, ಅಚ್ಚೊತ್ತಿದ್ದು: ಅಕ್ಷರಗಳು ಒಂದೇ ಆಳದಲ್ಲಿ, ಒಂದೇ ಎತ್ತರದಲ್ಲಿ ಲೋಹವನ್ನು ತಗ್ಗಿಸಿರುತ್ತವೆ. ಇನ್ನೊಂದು, ಕೆತ್ತಿದ್ದು: ಉಳಿ ಹೋದ ದಾರಿ ಕನ್ನಡಿಯಲ್ಲಿ ಕಾಣುತ್ತದೆ, ತಿರುವಿನಲ್ಲಿ ಗೆರೆ ದಪ್ಪವಾಗಿ ಕೊನೆಯಲ್ಲಿ ಸಣ್ಣಗಾಗುತ್ತದೆ. ಹತ್ತೊಂಬತ್ತನೇ ಶತಮಾನದ ಭಾರತೀಯ ಯುದ್ಧಗಳ ಪದಕಗಳಲ್ಲಿ ಕೂಡಕ್ಷರದ ಓಟದ ಕೆತ್ತನೆ ತುಂಬ ಸಿಗುತ್ತದೆ. ಅದನ್ನು ನೋಡಿ ಯಾರೋ ಮನೆಯಲ್ಲಿ ಕೆತ್ತಿಸಿದ್ದು ಎಂದು ತಳ್ಳಿಹಾಕಬಾರದು, ಅದೂ ಸರ್ಕಾರಿ ಕೆತ್ತನೆಯೇ.

ಹೆಸರು ಅಳಿಸಿ ಬೇರೆ ಹೆಸರು ಹಾಕಿದ ಪದಕವನ್ನು ಪತ್ತೆಹಚ್ಚುವುದು ಹೀಗೆ. ಹಳೆಯ ಅಕ್ಷರ ಹೋಗಬೇಕಾದರೆ ಅಂಚನ್ನು ಉಜ್ಜಲೇಬೇಕು, ಉಜ್ಜಿದರೆ ವ್ಯಾಸ ಕಡಿಮೆಯಾಗಲೇಬೇಕು. ಈ ಕಾಲದ ಹೆಚ್ಚಿನ ಬೆಳ್ಳಿ ಪದಕಗಳ ವ್ಯಾಸ ಸುಮಾರು 36 ಮಿಲಿಮೀಟರ್. ಕ್ಯಾಲಿಪರ್ ಇಟ್ಟು ಮೂರು ನಾಲ್ಕು ಕಡೆ ಅಳೆಯಿರಿ, ಅದೇ ಬಗೆಯ ಸಂಶಯವಿಲ್ಲದ ಪದಕವೊಂದರ ಅಳತೆಯ ಜೊತೆ ಹೋಲಿಸಿ. ಅರ್ಧ ಮಿಲಿಮೀಟರ್ ಕಡಿಮೆ ಬಂದರೆ, ಅಥವಾ ಒಂದು ದಿಕ್ಕಿಗೂ ಇನ್ನೊಂದು ದಿಕ್ಕಿಗೂ ಅಳತೆ ಬೇರೆ ಬಂದರೆ, ಹೆಸರಿರುವ ಜಾಗದಲ್ಲಿ ಅಂಚು ಬೆರಳಿಗೆ ಚಪ್ಪಟೆಯಾಗಿ ಸಿಕ್ಕರೆ ಎಚ್ಚರಿಕೆ. ಮುಖದ ಸುತ್ತಲಿನ ಉಬ್ಬುಗೆರೆ ಒಂದು ಕಡೆ ತೆಳ್ಳಗಾಗಿರುವುದೂ ಅದೇ ಕಥೆ.

ಕೊಂಡಿಯ ಹತ್ತಿರ ಬೆಸುಗೆಯ ಗುಳ್ಳೆ ಕಂಡರೆ ಪದಕ ಮುರಿದು ರಿಪೇರಿಯಾಗಿದೆ. ಬ್ರೋಚ್ ಮಾಡಿ ಸೀರೆಗೆ ಚುಚ್ಚಿಕೊಂಡ ಪದಕಗಳೂ ಇವೆ, ಅವುಗಳ ಹಿಂಬದಿಯಲ್ಲಿ ಪಿನ್ನಿನ ಗುರುತು ಉಳಿದಿರುತ್ತದೆ. ಇವೆಲ್ಲ ಬೆಲೆ ತಗ್ಗಿಸುತ್ತವೆ, ಇತಿಹಾಸವನ್ನೇನೂ ತಗ್ಗಿಸುವುದಿಲ್ಲ. ಅಂಚಿನ ಮೇಲೆ ಬದಲಿ ಪ್ರತಿ ಎಂಬ ಅರ್ಥದ ಮುದ್ರೆ ಇದ್ದರೆ, ಮೊದಲನೆಯದು ಕಳೆದುಹೋಗಿ ಸರ್ಕಾರದಿಂದಲೇ ಮತ್ತೆ ಪಡೆದದ್ದು.

ಅರ್ಧ ಅಳತೆಯ ಪುಟ್ಟ ಪದಕಗಳು ನಕಲಿಯಲ್ಲ. ಅಧಿಕಾರಿಗಳು ರಾತ್ರಿಯ ಮೆಸ್ ಉಡುಪಿಗೆ ಚುಚ್ಚಿಕೊಳ್ಳಲು ದರ್ಜಿಗಳ ಹತ್ತಿರ, ಪದಕದ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಮಾಡಿಸುತ್ತಿದ್ದವು. ಸಾಮಾನ್ಯವಾಗಿ ಹೆಸರಿರುವುದಿಲ್ಲ. ಆದರೆ ದೊಡ್ಡ ಪದಕಗಳು ಕಳೆದಿದ್ದರೆ ಈ ಪುಟ್ಟ ಸಾಲೇ ಅಧಿಕಾರಿಗೆ ಯಾವ ಯಾವ ಪದಕ ಇತ್ತು ಎಂಬುದಕ್ಕೆ ಸಾಕ್ಷಿ.

ಯಾವ ಪದಕ, ಯಾವ ಯುದ್ಧ

ರಿಬ್ಬನ್ನಿಗೂ ಬಿಲ್ಲೆಗೂ ನಡುವೆ ಕೂರುವ ಹೆಸರಿನ ಪಟ್ಟಿಗೆ ಕ್ಲಾಸ್ಪ್ ಎನ್ನುತ್ತಾರೆ, ಮಾತಿನಲ್ಲಿ ಬಾರ್. ಪದಕ ಒಂದು ದೀರ್ಘ ಅವಧಿಯದು, ಕ್ಲಾಸ್ಪ್ ಒಂದು ನಿರ್ದಿಷ್ಟ ಕಾರ್ಯಾಚರಣೆಯದು. ಹೆಚ್ಚಿನ ಪದಕಗಳಲ್ಲಿ ಬಿಲ್ಲೆಗೆ ಹತ್ತಿರ ಇರುವುದು ಮೊದಲು ಗಳಿಸಿದ್ದು, ಮೇಲೆ ಹೋದಂತೆ ನಂತರದವು. 1851ರಲ್ಲಿ ಮಂಜೂರಾದ ಆರ್ಮಿ ಆಫ್ ಇಂಡಿಯಾ ಪದಕ ಮಾತ್ರ ತಿರುವುಮುರುವು, ಅದರ ಕ್ಲಾಸ್ಪ್‌ಗಳನ್ನು ಮೇಲಿನಿಂದ ಕೆಳಕ್ಕೆ ಓದಬೇಕು. ಇನ್ನೊಂದು ಸಂಗತಿ: ಅದು 1803ರಿಂದ 1826ರವರೆಗಿನ ಯುದ್ಧಗಳಿಗೆ ಕೊಟ್ಟ ಪದಕ, ಆದರೆ 1851ಕ್ಕೆ ಬದುಕಿದ್ದು ಅರ್ಜಿ ಹಾಕಿದವರಿಗಷ್ಟೇ ಸಿಕ್ಕಿತು. 1803ರ ಅಸ್ಸಾಯೆ ಕಾಳಗದಲ್ಲಿ ಹೋರಾಡಿದ ಅಧಿಕಾರಿಯ ಬಳಿ ಅದು ಇಲ್ಲದಿದ್ದರೆ ಆಶ್ಚರ್ಯವಿಲ್ಲ.

ನಮ್ಮ ನೆಲಕ್ಕೆ ನೇರ ಸೇರಿದ್ದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಕೋಟೆ ಬಿದ್ದದ್ದಕ್ಕೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು. ಒಂದು ಬದಿಯಲ್ಲಿ ಸಿಂಹ ಹುಲಿಯನ್ನು ಕೆಡವಿಕೊಂಡಿದೆ, ಇನ್ನೊಂದು ಬದಿಯಲ್ಲಿ ಕೋಟೆಗೆ ಲಗ್ಗೆ, ಕೆಳಗೆ ಪಾರ್ಸಿ ಬರಹ. ಚಿನ್ನ, ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು, ತವರ ಹೀಗೆ ಐದು ಬಗೆ. ದಂಡನಾಯಕನಿಂದ ಸಿಪಾಯಿಯವರೆಗೆ ಹುದ್ದೆ ಇಳಿದ ಹಾಗೆ ಲೋಹವೂ ಇಳಿಯುತ್ತದೆ. ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಹೊಡೆದದ್ದು 48 ಮಿಲಿಮೀಟರ್, ಕಲ್ಕತ್ತದ್ದು 45. ಇದರಲ್ಲಿ ಹೆಸರು ಹಾಕಿ ಕೊಡಲಿಲ್ಲ, ಕೊಂಡಿಯೂ ಇರಲಿಲ್ಲ. ಇಂದು ಕಾಣುವ ಬಳೆ, ಕೊಂಡಿ, ಹೆಸರು ಎಲ್ಲವೂ ಪಡೆದವರು ತಾವೇ ಹಾಕಿಸಿಕೊಂಡವು. ಆದ್ದರಿಂದ ಇದನ್ನು ಒಬ್ಬ ನಿರ್ದಿಷ್ಟ ಅಧಿಕಾರಿಗೆ ಅಂಟಿಸಬೇಕಾದರೆ ಮನೆತನದ ಕಾಗದ ಬೇಕೇ ಬೇಕು.

1837ರ ಕೊಡಗು ಪದಕವೂ ಹಾಗೆಯೇ ಬೇರೆ ಜಾತಿಯದು. ಆ ವರ್ಷದ ದಂಗೆಯಲ್ಲಿ ಕಂಪನಿಯ ಪರ ನಿಂತ ಕೊಡಗಿನವರಿಗೆ ಕೊಟ್ಟದ್ದು, ಸುಮಾರು 50 ಮಿಲಿಮೀಟರ್ ಅಗಲ, ಅದರ ಮೇಲೆ ಕನ್ನಡದ ಬರಹವಿದೆ. ಅದು ಸಿಕ್ಕಿದ್ದರಿಂದ ಹಿರಿಯರು ಸೇನೆಯಲ್ಲಿದ್ದರು ಎಂದು ತೀರ್ಮಾನಿಸಲಾಗದು.

1854ರಿಂದ ಮುಂದೆ ಸಿಗುವ ಪದಕಗಳನ್ನು ರಿಬ್ಬನ್ ನೋಡಿಯೇ ಗುರುತಿಸಬಹುದು. 1854ರ ಇಂಡಿಯಾ ಜನರಲ್ ಸರ್ವೀಸ್: ಕೆಂಪಿನ ಮೇಲೆ ಎರಡು ನೀಲಿ ಪಟ್ಟೆ, ಪೆಗುವಿನಿಂದ ಹಿಡಿದು 1894-95ರ ವಜೀರಿಸ್ತಾನದವರೆಗೆ ಕ್ಲಾಸ್ಪ್‌ಗಳು. ಮದ್ರಾಸ್ ಸೇನೆಯವರಲ್ಲಿ ಹೆಚ್ಚು ಕಾಣುವುದು ಬರ್ಮಾ 1885-7. 1857-58ರ ಪದಕ: ಬಿಳಿಯ ಮೇಲೆ ಎರಡು ಕೆಂಪು ಪಟ್ಟೆ. 1895ರ ಇಂಡಿಯಾ ಪದಕ: ಕೆಂಪಿನ ಮೇಲೆ ಎರಡು ಹಸಿರು ಪಟ್ಟೆ, ಏಳು ಕ್ಲಾಸ್ಪ್. 1908ರ ಇಂಡಿಯಾ ಜನರಲ್ ಸರ್ವೀಸ್: ಹಸಿರಿನ ನಡುವೆ ಅಗಲ ನೀಲಿ, ಹಿಂಬದಿಯಲ್ಲಿ ಜಮ್ರೂದ್ ಕೋಟೆ, ಹನ್ನೆರಡು ಕ್ಲಾಸ್ಪ್. ಮಲಬಾರ್ 1921-22 ಅದರಲ್ಲೇ ಒಂದು.

ರಿಬ್ಬನ್ ಹೋಗಿ ಹಳೆಯ ಫೋಟೊ ಮಾತ್ರ ಉಳಿದಿದ್ದರೆ ಒಂದು ವಿಷಯ ನೆನಪಿಡಿ. 1920ರವರೆಗಿನ ಹೆಚ್ಚಿನ ಫಿಲ್ಮು, ಗಾಜಿನ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ಕಪ್ಪಾಗಿ, ನೀಲಿ ಬೆಳ್ಳಗೆ ಬರುತ್ತದೆ. 1854ರ ಪದಕದ ರಿಬ್ಬನ್ ಫೋಟೊದಲ್ಲಿ ಕಪ್ಪಿನ ಮೇಲೆ ತೆಳು ಬಿಳುಪಿನ ಎರಡು ಪಟ್ಟೆಯಂತೆ ಕಾಣಬಹುದು. ಬಣ್ಣವನ್ನು ಬಿಟ್ಟು ಪಟ್ಟೆಗಳ ಸಂಖ್ಯೆ, ಅಗಲ ಎಣಿಸಿ.

ಮೊದಲ ಮಹಾಯುದ್ಧದ್ದು ಎರಡು ಅಥವಾ ಮೂರು ಪದಕ. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್, ಕಾಮನಬಿಲ್ಲಿನ ರಿಬ್ಬನ್ನಿನ ವಿಕ್ಟರಿ ಮೆಡಲ್, ಜೊತೆಗೆ 1914ರ ನಕ್ಷತ್ರ ಅಥವಾ 1914-15ರ ನಕ್ಷತ್ರ. ಇವೆರಡು ನಕ್ಷತ್ರಗಳಲ್ಲಿ ಒಂದೇ ಸಿಗುವುದು. 1914ರದ್ದು ಆ ವರ್ಷದ ಆಗಸ್ಟ್ 5ರಿಂದ ನವೆಂಬರ್ 22ರ ನಡುರಾತ್ರಿಯೊಳಗೆ ಫ್ರಾನ್ಸ್, ಬೆಲ್ಜಿಯಮ್ಮಿನಲ್ಲಿದ್ದವರಿಗೆ ಮಾತ್ರ. ಸೆಪ್ಟೆಂಬರ್ ಕೊನೆಗೆ ಮಾರ್ಸೇಯಲ್ಲಿ ಇಳಿದ ಭಾರತೀಯ ದಳದವರಿಗೆ ಇದು ಸಿಕ್ಕಿತು. ಅದೇ ವರ್ಷ ಈಜಿಪ್ಟಿಗೆ ಹೋದ, ಮೈಸೂರು ಸಂಸ್ಥಾನದ ಕುದುರೆ ದಂಡಾದ ಮೈಸೂರು ಲ್ಯಾನ್ಸರ್ಸ್‌ನವರಿಗೆ ಸಿಗುವುದು 1914-15ರ ನಕ್ಷತ್ರ. ಅವರೂ ಭಾಗವಹಿಸಿದ್ದ 1918ರ ಸೆಪ್ಟೆಂಬರ್ 23ರ ಹೈಫಾ ದಾಳಿಗೆಂದು ಬೇರೆ ಪದಕವಾಗಲಿ ಕ್ಲಾಸ್ಪ್ ಆಗಲಿ ಇಲ್ಲ. ಹೈಫಾ ಕ್ಲಾಸ್ಪ್ ಎಂದು ಯಾರಾದರೂ ಮಾರಲು ಬಂದರೆ ವಾಪಸ್ ಕಳಿಸಿ.

ವಿಕ್ಟರಿ ಮೆಡಲ್ಲಿನ ರಿಬ್ಬನ್ ಮೇಲೆ ಕಂಚಿನ ಓಕ್ ಎಲೆ ಇದ್ದರೆ ದಂಡನಾಯಕರ ಯುದ್ಧ ವರದಿಗಳಲ್ಲಿ ಹೆಸರು ಉಲ್ಲೇಖವಾಗಿದೆ ಎಂದರ್ಥ. ಎರಡನೇ ಯುದ್ಧದಲ್ಲಿ ಆ ಎಲೆ 1939-45ರ ವಾರ್ ಮೆಡಲ್ಲಿನ ರಿಬ್ಬನ್ನಿಗೆ ಬರುತ್ತದೆ. ಎರಡನೇ ಯುದ್ಧದ ನಕ್ಷತ್ರಗಳನ್ನು ಬ್ರಿಟಿಷರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯರಿಗೆ ಹೆಸರು ಹಾಕಿ ಕೊಟ್ಟರು. ಹೀಗಾಗಿ ನಮ್ಮ ಮನೆಗಳಲ್ಲಿರುವ ಬರ್ಮಾ ಸ್ಟಾರ್ ಸಂಶೋಧನೆಗೆ ಇಂಗ್ಲೆಂಡಿನದಕ್ಕಿಂತ ಹೆಚ್ಚು ಸಹಾಯಕ.

ಶೌರ್ಯದ ಪದಕಗಳಲ್ಲಿ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವೀಸ್ ಆರ್ಡರ್) 1886ರಲ್ಲಿ, ಮಿಲಿಟರಿ ಕ್ರಾಸ್ 1914ರ ಡಿಸೆಂಬರಿನಲ್ಲಿ ಹುಟ್ಟಿದವು. ಎರಡನ್ನೂ ಹೆಸರಿಲ್ಲದೆ ಕೊಡುತ್ತಿದ್ದರು. 1938ರಿಂದ ಹಿಂಬದಿಯಲ್ಲಿ ಇಸವಿ ಕೆತ್ತಿದರು, ಹೆಸರು ಕೆತ್ತಿಸಿಕೊಂಡಿದ್ದರೆ ಅದು ಖಾಸಗಿ. ಒಂಟಿ ಮಿಲಿಟರಿ ಕ್ರಾಸ್ ಸಾಲಿನಿಂದ ಬೇರೆಯಾಯಿತೋ, ಯಾರದೆಂದು ಹೇಳುವ ದಾರಿ ಮುಚ್ಚಿತು.

ಹುದ್ದೆಯಲ್ಲಿ ಎಡವುವ ಜಾಗಗಳು

ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು, ಯಾವ ಬಗೆಯ ಅಧಿಕಾರಿ ಎಂಬುದು. ರಾಜನ ಕಮಿಷನ್ (ಅಧಿಕಾರಿಯಾಗಿ ನೇಮಿಸುವ ಪತ್ರ) ಪಡೆದವರು ಸೆಕೆಂಡ್ ಲೆಫ್ಟಿನೆಂಟಿನಿಂದ ಮೇಲಕ್ಕೆ ಹೋಗುವವರು. ವೈಸರಾಯ್ ಕಮಿಷನ್ ಪಡೆದವರು ಜಮಾದಾರ್, ಸುಬೇದಾರ್, ಸುಬೇದಾರ್ ಮೇಜರ್, ಕುದುರೆ ದಂಡಿನಲ್ಲಾದರೆ ರಿಸಾಲದಾರ್. ಇವರು ಎಷ್ಟೇ ಹಿರಿಯರಾದರೂ ನಿನ್ನೆ ಬಂದ ಸೆಕೆಂಡ್ ಲೆಫ್ಟಿನೆಂಟಿಗಿಂತ ಕೆಳಗೆ. ಇವರಿಗೆ ಬೇರೆಯೇ ಪದಕಗಳಿದ್ದವು: 1837ರಿಂದ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಮತ್ತು ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ, 1907ರಿಂದ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವೀಸ್ ಮೆಡಲ್. ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾದ ಮೊದಲ ದರ್ಜೆಗೆ ಸರ್ದಾರ್ ಬಹದ್ದೂರ್, ಎರಡನೆಯದಕ್ಕೆ ಬಹದ್ದೂರ್ ಎಂಬ ಬಿರುದು ಬರುತ್ತಿತ್ತು. ಮನೆಯ ಹಳೇ ಲಗ್ನಪತ್ರಿಕೆಯಲ್ಲಿ ಆ ಬಿರುದು ಕಂಡರೆ ಎಲ್ಲಿ ಹುಡುಕಬೇಕೆಂದು ಗೊತ್ತಾಯಿತು.

ಮನೆಮಂದಿ ಕ್ಯಾಪ್ಟನ್ ತಾತ ಎನ್ನುತ್ತಾರೆ, ಪದಕದಲ್ಲಿ ಸುಬೇದಾರ್ ಮೇಜರ್ ಎಂದಿದೆ. ಎರಡೂ ಸರಿ ಇರಬಹುದು. ನಿವೃತ್ತಿಯ ವೇಳೆಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಹುದ್ದೆ ಕೊಡುವ ಪದ್ಧತಿ ಇತ್ತು. ಕೊಡಗಿನವರಿಗೆ ಇನ್ನೊಂದು ತೊಡಕು: ಅಲ್ಲಿ ಕಂದಾಯ ಇಲಾಖೆಯ ತಾಲ್ಲೂಕು ಅಧಿಕಾರಿಯನ್ನೂ ಸುಬೇದಾರರೆಂದೇ ಕರೆಯುತ್ತಿದ್ದರು. ಪದಕವಿಲ್ಲದ ಸುಬೇದಾರರನ್ನು ಸೇನೆಯ ಪಟ್ಟಿಯಲ್ಲಿ ಹುಡುಕುವ ಮೊದಲು ಅವರು ತಾಲ್ಲೂಕು ಕಚೇರಿಯವರಲ್ಲವೆಂದು ಖಚಿತ ಮಾಡಿಕೊಳ್ಳಿ.

ಯುದ್ಧಕಾಲದ ಹುದ್ದೆಗಳು ಏರಿಳಿಯುತ್ತವೆ. ಹಂಗಾಮಿ, ತಾತ್ಕಾಲಿಕ, ಬ್ರೆವೆಟ್ (ಗೌರವಕ್ಕೆಂದು ಕೊಟ್ಟ ಮೇಲಿನ ಹುದ್ದೆ), ಕಾಯಂ ಹೀಗೆ ಒಬ್ಬರಿಗೇ ಒಂದೇ ದಿನ ಎರಡೆರಡು ಹುದ್ದೆ. 1917ರಲ್ಲಿ ಕ್ಯಾಪ್ಟನ್, 1920ರಲ್ಲಿ ಲೆಫ್ಟಿನೆಂಟ್ ಎಂದು ಕಂಡರೆ ಹಿಂಬಡ್ತಿ ಶಿಕ್ಷೆಯೆಂದು ಬರೆಯಬೇಡಿ, ತಾತ್ಕಾಲಿಕ ಹುದ್ದೆ ಮುಗಿದಿದೆ ಅಷ್ಟೇ. ಮೊದಲ ಮಹಾಯುದ್ಧದ ಪದಕಗಳಲ್ಲೂ ಇದೇ ಕಾರಣಕ್ಕೆ ನಕ್ಷತ್ರದ ಮೇಲೊಂದು ಹುದ್ದೆ, ಉಳಿದೆರಡರ ಮೇಲೊಂದು ಹುದ್ದೆ ಇರುತ್ತದೆ. ನಕ್ಷತ್ರದ್ದು ರಣರಂಗಕ್ಕೆ ಕಾಲಿಟ್ಟ ದಿನದ ಹುದ್ದೆ, ಜೋಡಿಯದು ಯುದ್ಧದಲ್ಲಿ ಏರಿದ ಅತಿ ಎತ್ತರದ ಹುದ್ದೆ. ಶಾಂತಿಕಾಲದಲ್ಲಿ ಲೆಕ್ಕ ಸುಲಭ. 1914ಕ್ಕೆ ಮುಂಚಿನ ಇಂಡಿಯನ್ ಆರ್ಮಿಯಲ್ಲಿ 9 ವರ್ಷಕ್ಕೆ ಕ್ಯಾಪ್ಟನ್, 18ಕ್ಕೆ ಮೇಜರ್, 26ಕ್ಕೆ ಲೆಫ್ಟಿನೆಂಟ್ ಕರ್ನಲ್. 1909ರಲ್ಲಿ ಮೇಜರ್ ಆದವರು 1891ರ ಆಸುಪಾಸಿನಲ್ಲಿ ಸೇರಿದವರೆಂದು ಹಿಂದಕ್ಕೆ ಎಣಿಸಬಹುದು.

ಕಮಿಷನ್ನಿನ ದಿನಾಂಕವೂ ಎರಡಿರಬಹುದು. ಕೊಡಗಿನ ಕಾರ್ಯಪ್ಪನವರದೇ ಉದಾಹರಣೆ. ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಿಂದ ಹೊರಬಂದ ಅವರ ತಂಡಕ್ಕೆ 1919ರ ಡಿಸೆಂಬರ್ 1ರಂದು ತಾತ್ಕಾಲಿಕ ಕಮಿಷನ್ ಸಿಕ್ಕಿತು. ಕಾಯಂ ಆದದ್ದು 1922ರಲ್ಲಿ, ಅದಕ್ಕೆ ಕೊಟ್ಟ ದಿನಾಂಕ 1920ರ ಜುಲೈ 17. ಹೀಗೆ ಆ ತಂಡ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಕಾಲೇಜಿನಿಂದ ಬಂದವರ ಹಿಂದೆ ಬಿತ್ತು. ಮೂರು ಇಸವಿ, ಮೂರೂ ದಾಖಲೆಯಲ್ಲಿ ಸರಿ. ಯಾವುದೋ ಒಂದನ್ನು ನೋಡಿ ಉಳಿದವನ್ನು ತಪ್ಪೆಂದು ಹೊಡೆದುಹಾಕಿದರೆ ಮುಂದಿನ ಬಡ್ತಿಗಳ ಲೆಕ್ಕ ಕೂಡುವುದೇ ಇಲ್ಲ.

ಪಲ್ಟನ್ನಿನ ನಂಬರ್

ಅತಿ ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿ. ಮದ್ರಾಸ್, ಬಾಂಬೆ, ಬೆಂಗಾಲ್ ಎಂಬ ಮೂರು ಪ್ರೆಸಿಡೆನ್ಸಿ ಸೇನೆಗಳು 1895ರಲ್ಲಿ ಒಂದಾದವು. ಮೂರರಲ್ಲೂ ಒಂದನೇ ಪಲ್ಟನ್, ಎರಡನೇ ಪಲ್ಟನ್ ಇದ್ದದ್ದರಿಂದ 1903ರಲ್ಲಿ ಸೇನಾಪತಿ ಕಿಚನರ್ ಮರುಸಂಖ್ಯೆ ಕೊಟ್ಟ. ಮದ್ರಾಸ್ ಪದಾತಿ ದಳಕ್ಕೆ 60 ಕೂಡಿಸಿ, ಬಾಂಬೆಯದಕ್ಕೆ 100 ಕೂಡಿಸಿ. 23ನೇ ಮದ್ರಾಸ್ ಪದಾತಿ 83ನೇ ವಾಲಾಜಾಬಾದ್ ಲೈಟ್ ಇನ್‌ಫೆಂಟ್ರಿ ಆಯಿತು, 25ನೇ ಬಾಂಬೆ 125ನೇ ನೇಪಿಯರ್ಸ್ ರೈಫಲ್ಸ್ ಆಯಿತು. ಹೆಸರು ಮಾತ್ರ ನೋಡಿ ಊಹಿಸಬೇಡಿ: 62ನೇ ಪಂಜಾಬಿಸ್, 66ನೇ ಪಂಜಾಬಿಸ್ ಎಂಬವು ಮದ್ರಾಸಿನ 2 ಮತ್ತು 6ನೇ ಪಲ್ಟನ್‌ಗಳೇ.

1922ರಲ್ಲಿ ಮತ್ತೊಮ್ಮೆ ಎಲ್ಲ ಬದಲು. ಹಲವು ಪಲ್ಟನ್ನುಗಳನ್ನು ಸೇರಿಸಿ ದೊಡ್ಡ ರೆಜಿಮೆಂಟ್, ಒಳಗೆ ಬೆಟಾಲಿಯನ್ ನಂಬರ್. 98ನೇ ಪದಾತಿ ದಳ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಆಯಿತು, ಬರೆಯುವಾಗ 4/19. ಆ ರೆಜಿಮೆಂಟೇ 1945ರಲ್ಲಿ ಕುಮಾಊಂ ರೆಜಿಮೆಂಟ್. ಓರೆಗೆರೆಯ ಮೊದಲ ಅಂಕಿ ಬೆಟಾಲಿಯನ್, ಎರಡನೆಯದು ರೆಜಿಮೆಂಟ್ ಎಂಬುದನ್ನು ತಿರುಗಿಸಿ ಓದಿದರೆ ಬೇರೆಯವರ ಯುದ್ಧ ದಿನಚರಿ ಓದುತ್ತಿರುತ್ತೀರಿ. ಒಂದು ಹಾಳೆಯಲ್ಲಿ ಮೂರು ಕಂಬ ಗೆರೆ ಹಾಕಿ 1903ಕ್ಕೆ ಮೊದಲು, 1903ರಿಂದ 1922, ಆಮೇಲೆ ಎಂದು ಬರೆದಿಟ್ಟುಕೊಂಡೇ ಮುಂದೆ ಹೋಗಿ.

ಅಂಚಿನಲ್ಲಿ ಪಲ್ಟನ್ನಿನ ಬದಲು ಸ್ಟಾಫ್ ಕೋರ್ ಎಂದಿದ್ದರೆ ಗಾಬರಿ ಬೇಡ. 1861ರಿಂದ ಬ್ರಿಟಿಷ್ ಅಧಿಕಾರಿಗಳನ್ನು ಮೂರು ಪ್ರೆಸಿಡೆನ್ಸಿಗಳ ಸ್ಟಾಫ್ ಕೋರ್‌ಗೆ ಸೇರಿಸಿಕೊಂಡು ಅಲ್ಲಿಂದ ಪಲ್ಟನ್‌ಗಳಿಗೂ, ಸಿವಿಲ್ ಕೆಲಸಗಳಿಗೂ ಕಳಿಸುತ್ತಿದ್ದರು. ಇಂಥವರು ಯಾವ ಪಲ್ಟನ್ನಿನ ಜೊತೆ ಇದ್ದರೆಂದು ಆರ್ಮಿ ಲಿಸ್ಟ್ (ಅಧಿಕಾರಿಗಳ ಅಚ್ಚಾದ ಸರ್ಕಾರಿ ಪಟ್ಟಿ) ಹೇಳುತ್ತದೆ.

ಕಾಗದದ ಮೇಲೆ ಹುಡುಕುವ ಕ್ರಮ

ಮೊದಲು ಇಂಡಿಯನ್ ಆರ್ಮಿ ಲಿಸ್ಟ್. ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬಹಳಷ್ಟು ಸಂಪುಟಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. ಪದಕದ ಕ್ಲಾಸ್ಪ್ ಹೇಳುವ ವರ್ಷದ ಸಂಪುಟ ತೆರೆದು, ಹೆಸರಿನ ಸೂಚಿಯಲ್ಲಿ ಇನಿಶಿಯಲ್ ಸಮೇತ ಹೆಸರು ಹುಡುಕಿ. ಹುಡುಕುವ ಪೆಟ್ಟಿಗೆಯನ್ನು ನಂಬಬೇಡಿ, ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುತ್ತದೆ, ಪುಟ ತಿರುವಿಯೇ ನೋಡಿ. ಸಿಕ್ಕ ಮೇಲೆ ಐದೈದು ವರ್ಷ ಹಿಂದಕ್ಕೂ ಮುಂದಕ್ಕೂ ಹೋಗಿ ಅದೇ ಹೆಸರನ್ನು ಬೆನ್ನಟ್ಟಿ. ಹೊಸದಾಗಿ ಬಂದವರು ಮೊದಲು ಅನ್ಅಟ್ಯಾಚ್ಡ್ ಲಿಸ್ಟಿನಲ್ಲಿ ಕಾಣುತ್ತಾರೆ, ಏಕೆಂದರೆ ಸ್ಯಾಂಡ್‌ಹರ್ಸ್ಟಿನಿಂದ ಬಂದವರು ಸುಮಾರು ಒಂದು ವರ್ಷ ಭಾರತದಲ್ಲಿದ್ದ ಬ್ರಿಟಿಷ್ ಪಲ್ಟನ್ನಿನಲ್ಲಿ ಕೆಲಸ ಕಲಿತು ಆಮೇಲೆ ಇಂಡಿಯನ್ ಆರ್ಮಿಗೆ ಸೇರುತ್ತಿದ್ದರು. ಮಡಿಕೇರಿಯ ತಿಮ್ಮಯ್ಯನವರು 1926ರಲ್ಲಿ ಕಮಿಷನ್ ಪಡೆದು ಮೊದಲು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯಲ್ಲಿದ್ದು ನಂತರ 4/19ಕ್ಕೆ ಹೋದದ್ದು ಇದೇ ನಿಯಮದಂತೆ. 4/19ಕ್ಕೇ ಏಕೆ ಎಂದರೆ, 1923ರಲ್ಲಿ ಭಾರತೀಯ ಅಧಿಕಾರಿಗಳಿಗೆಂದು ಗೊತ್ತುಮಾಡಿದ ಎಂಟು ತುಕಡಿಗಳಲ್ಲಿ ಅದೊಂದು. ಕಾರ್ಯಪ್ಪನವರ 1/7 ರಜಪೂತ್ ಇನ್ನೊಂದು. ಆ ಕಾಲದ ಭಾರತೀಯ ಅಧಿಕಾರಿಯನ್ನು ಹುಡುಕುವಾಗ ಈ ಎಂಟರಿಂದ ಶುರುಮಾಡಿದರೆ ಸಮಯ ಉಳಿಯುತ್ತದೆ.

ಎರಡನೆಯದು ಬ್ರಿಟಿಷ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟ್, ಇದೂ ಆನ್‌ಲೈನಿನಲ್ಲಿ ಉಚಿತ. ಇಂಡಿಯನ್ ಆರ್ಮಿಯ ಬಡ್ತಿಗಳು ಇಂಡಿಯಾ ಆಫೀಸ್ ಎಂಬ ತಲೆಬರಹದಡಿ, ಎಷ್ಟೋ ತಿಂಗಳು ತಡವಾಗಿ ಬರುತ್ತವೆ. ಗೆಜೆಟ್ಟಿನ ದಿನಾಂಕವನ್ನೂ ಬಡ್ತಿ ಜಾರಿಯಾದ ದಿನಾಂಕವನ್ನೂ ಬೇರೆ ಬೇರೆ ಬರೆದುಕೊಳ್ಳಿ. ಜನವರಿ 1 ಅಥವಾ ಜೂನ್ 3ರ ಪಟ್ಟಿಯಲ್ಲಿ ಬಂದ ಮೊದಲ ಯುದ್ಧದ ಮಿಲಿಟರಿ ಕ್ರಾಸ್‌ಗೆ ಸಾಮಾನ್ಯವಾಗಿ ಸಾಹಸದ ವಿವರಣೆ ಇರುವುದಿಲ್ಲ. ಅದು ಹೊಸವರ್ಷದ, ರಾಜನ ಹುಟ್ಟುಹಬ್ಬದ ಗೌರವಪಟ್ಟಿ.

ಮೂರನೆಯದು ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಅಲ್ಲಿನ ಕಡತಮಾಲೆಗಳ ನಂಬರ್ ಗೊತ್ತಿದ್ದರೆ ಸಾಕು: ಡಬ್ಲ್ಯುಒ 100 ಯುದ್ಧ ಪದಕಗಳ ಪಟ್ಟಿ, ಡಬ್ಲ್ಯುಒ 372 ಮೊದಲ ಯುದ್ಧದ ಪದಕ ಕಾರ್ಡುಗಳು, ಡಬ್ಲ್ಯುಒ 95 ತುಕಡಿಗಳ ಯುದ್ಧ ದಿನಚರಿ, ಡಬ್ಲ್ಯುಒ 373 ಎರಡನೇ ಯುದ್ಧದ ಶೌರ್ಯ ಶಿಫಾರಸುಗಳು. ಪದಕ ಕಾರ್ಡಿನ ಬಗ್ಗೆ ಒಂದು ಮಾತು. ಮೊದಲ ಯುದ್ಧದ ಪದಕಗಳು ಸಿಪಾಯಿಗಳಿಗೆ ತಾವಾಗಿ ಬಂದವು, ಅಧಿಕಾರಿಗಳು ಅರ್ಜಿ ಹಾಕಬೇಕಿತ್ತು. ಅರ್ಜಿ ಹಾಕದವರಿಗೆ ಅರ್ಹತೆ ಇದ್ದೂ ಪದಕ ಇಲ್ಲ. ಹಾಕಿದವರ ಕಾರ್ಡಿನಲ್ಲಿ ಅರ್ಜಿಯ ದಿನಾಂಕ, ಆಗಿನ ವಿಳಾಸ ಇರುತ್ತದೆ. ನಿವೃತ್ತಿಯ ನಂತರ ಎಲ್ಲಿಗೆ ಹೋದರೆಂಬುದು ಎಷ್ಟೋ ಸಲ ಆ ವಿಳಾಸದಿಂದಲೇ ತಿಳಿಯುವುದು. ಡಬ್ಲ್ಯುಒ 373ರಲ್ಲಿ ಶಿಫಾರಸು ಮಾಡಿದ ಮೇಲಧಿಕಾರಿಗಳ ಸಹಿ ಸಮೇತ ಆ ದಿನದ ಘಟನೆಯ ವಿವರಣೆ ಸಿಗುತ್ತದೆ. 1945ರ ಬರ್ಮಾದ ಕಾಂಗಾವ್ ಕಾಳಗದಂಥ ಸಂದರ್ಭಗಳಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಇಲ್ಲ.

ನಾಲ್ಕನೆಯದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು. ಎಲ್/ಎಂಐಎಲ್/9 ಸೇನೆಗೆ ಸೇರುವಾಗಿನ ಕೆಡೆಟ್ ಕಾಗದಗಳು. ಎಲ್/ಎಂಐಎಲ್/10, 11, 12 ಕ್ರಮವಾಗಿ ಬೆಂಗಾಲ್, ಮದ್ರಾಸ್, ಬಾಂಬೆ ಅಧಿಕಾರಿಗಳ ಸೇವಾ ದಾಖಲೆ. ಎಲ್/ಎಂಐಎಲ್/14 ಇಪ್ಪತ್ತನೇ ಶತಮಾನದ ವೈಯಕ್ತಿಕ ಕಡತಗಳು. ಬೆಂಗಳೂರು ದಂಡಿನ ಪಲ್ಟನ್ನುಗಳು ಮದ್ರಾಸ್ ಸೇನೆಗೆ ಸೇರಿದವು, ಹಾಗಾಗಿ ನಮ್ಮ ಕಡೆಯ ಹೆಚ್ಚಿನ ಹುಡುಕಾಟ 11ರಲ್ಲೇ ಆಗುತ್ತದೆ. ದೇಶದೊಳಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಅಭಿಲೇಖ್ ಪಟಲ್ ಜಾಲತಾಣ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ ನೋಡಬೇಕು. ಮೈಸೂರು ಲ್ಯಾನ್ಸರ್ಸ್ ಸಂಸ್ಥಾನದ ದಂಡು, ಇಂಡಿಯನ್ ಆರ್ಮಿಯದಲ್ಲ. ಅವರ ಅಧಿಕಾರಿಗಳಿಗಾಗಿ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸರ್ಕಾರದ ಕಡತಗಳಿಂದಲೇ ಶುರುಮಾಡಿ.

ಕಾಗದವೂ ಪದಕವೂ ಕೂಡದಿದ್ದಾಗ ಮೊದಲು ನೆನೆಯಬೇಕಾದದ್ದು ಎರವಲು ಸೇವೆ. ಬೆಂಗಳೂರಿನಲ್ಲಿದ್ದ 4ನೇ ಹುಸಾರ್ಸ್ ಎಂಬ ಕುದುರೆ ದಂಡಿನ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಅವರದು ಇದಕ್ಕೆ ಒಳ್ಳೆಯ ಪಾಠ. 1895ರ ಫೆಬ್ರವರಿಯಲ್ಲಿ ಕಮಿಷನ್, 1896ರಿಂದ ಬೆಂಗಳೂರು ದಂಡು. ಅವರ 1895ರ ಇಂಡಿಯಾ ಪದಕದ ಮೇಲಿರುವ ಕ್ಲಾಸ್ಪ್ ಪಂಜಾಬ್ ಫ್ರಾಂಟಿಯರ್ 1897-98. ಪಲ್ಟನ್ ಬೆಂಗಳೂರಿನಲ್ಲೇ ಇತ್ತು, ಚರ್ಚಿಲ್ ರಜೆ ಹಾಕಿ ಮಲಕಂಡ್ ದಳದ ಜೊತೆ ವಾಯವ್ಯ ಗಡಿಗೆ ಹೋಗಿದ್ದರು, ಅಲ್ಲಿ 31ನೇ ಪಂಜಾಬ್ ಪದಾತಿಯ ಜೊತೆಗೂ ಕೆಲಸ ಮಾಡಿದರು. ಮರುವರ್ಷ ಸುಡಾನಿನ ಓಮ್‌ಡುರ್ಮಾನ್‌ನಲ್ಲಿ 21ನೇ ಲ್ಯಾನ್ಸರ್ಸ್ ಜೊತೆ, ಅದಕ್ಕೆ ರಾಣಿಯ ಸುಡಾನ್ ಪದಕ ಬೇರೆ, ಈಜಿಪ್ಟಿನ ದೊರೆ ಖೆದಿವನ ಪದಕ ಬೇರೆ. ಬರೀ 4ನೇ ಹುಸಾರ್ಸ್‌ನ ಇತಿಹಾಸ ಓದಿದವರು ಈ ಪದಕಗಳನ್ನು ನಕಲಿ ಎಂದೇ ಹೇಳಿಬಿಡುತ್ತಾರೆ. ಅಂಚಿನ ಪಲ್ಟನ್ನಿಗೂ ಕ್ಲಾಸ್ಪಿನ ಊರಿಗೂ ಹೊಂದಾಣಿಕೆ ಇಲ್ಲದಿದ್ದರೆ ಆರ್ಮಿ ಲಿಸ್ಟಿನ ಯುದ್ಧ ಸೇವೆಗಳ ಭಾಗ ನೋಡಿ. ಆ ಅಧಿಕಾರಿ ಯಾವ ದಂಡಯಾತ್ರೆಯಲ್ಲಿ ಯಾವ ಹೊಣೆಯಲ್ಲಿದ್ದರು, ಯಾವ ಪದಕ, ಎಷ್ಟು ಕ್ಲಾಸ್ಪ್ ಎಂದು ಅಲ್ಲಿ ಒಂದೆರಡು ಸಾಲಿನಲ್ಲಿ ಬರೆದಿರುತ್ತಾರೆ. ಅದರಲ್ಲಿಲ್ಲದ ಕ್ಲಾಸ್ಪ್ ಪದಕದ ಮೇಲಿದ್ದರೆ ಆಗ ರಿವೆಟ್ ನೋಡಿ. ಮೂಲ ಕ್ಲಾಸ್ಪ್‌ಗಳು ಪಕ್ಕದ ಸಣ್ಣ ಕಿವಿಗಳಲ್ಲಿ ರಿವೆಟ್ಟಿನಿಂದ ಕೂಡಿರುತ್ತವೆ. ಬೆಸುಗೆಯಿಂದ ಅಂಟಿಸಿದ್ದು, ಅಕ್ಷರ ಮೆತ್ತಗಾಗಿ ಎರಕ ಹೊಯ್ದಂತೆ ಕಾಣುವುದು ಆಮೇಲೆ ಸೇರಿದ್ದು.

ಕಾಪಾಡುವುದು, ಕಳಿಸುವುದು

ಹುಣಸೆಹುಳಿ, ಬೂದಿ, ಹಲ್ಲುಪುಡಿ, ಬ್ರಾಸೊ ಇವು ಯಾವುವೂ ಬೇಡ. ಪ್ರತಿ ಸಲ ತಿಕ್ಕಿದಾಗಲೂ ಅಂಚಿನ ಅಕ್ಷರದಿಂದ ಒಂದು ಪದರ ಹೋಗುತ್ತದೆ, ವಿಕ್ಟರಿ ಮೆಡಲ್ಲಿನ ಹೊಂಬಣ್ಣದ ಲೇಪವಂತೂ ಒಂದೇ ಸಲಕ್ಕೆ ಹೋಗಿ ತಾಮ್ರದ ಬಣ್ಣ ತಿರುಗುತ್ತದೆ. ಬೆಳ್ಳಿಯ ಮೇಲಿನ ಕಪ್ಪು ಕಲೆ ಲೋಹವನ್ನು ತಿನ್ನುವುದಿಲ್ಲ, ಇರಲಿ ಬಿಡಿ. ಜಿಡ್ಡು ಮಣ್ಣು ಮೆತ್ತಿದ್ದರೆ ಮಾತ್ರ ರಿಬ್ಬನ್ ತೆಗೆದು, ಡಿಸ್ಟಿಲ್ಡ್ ನೀರಿಗೆ ಸೌಮ್ಯ ಸೋಪಿನ ಎರಡು ಹನಿ ಹಾಕಿ, ಮೆತ್ತನೆ ಬ್ರಶ್ಶಿನಲ್ಲಿ ಸವರಿ, ಮತ್ತೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಒತ್ತಿ ಒರೆಸಿ ಪೂರ್ತಿ ಒಣಗಿಸಿ. ಎನಾಮಲ್ ಇರುವ ಡಿಎಸ್‌ಒವನ್ನೂ ಕಂಚಿನ ನಕ್ಷತ್ರಗಳನ್ನೂ ನೀರಿಗೆ ಹಾಕಬೇಡಿ. ರೇಷ್ಮೆ ರಿಬ್ಬನ್ನನ್ನು ಒಗೆಯುವುದು, ಇಸ್ತ್ರಿ ಮಾಡುವುದು ಬೇಡ, ಎಷ್ಟೇ ಹರಿದಿರಲಿ ಎಸೆಯಬೇಡಿ. ಪ್ರದರ್ಶನಕ್ಕೆ ಹೊಸದು ಹಾಕಿ ಹಳೆಯದನ್ನು ಕವರಿನಲ್ಲಿ ಜೊತೆಗಿಡಿ.

ಮಲೆನಾಡು, ಕೊಡಗು, ಕರಾವಳಿಯ ಮಳೆಗಾಲ ಕಂಚಿಗೆ ಶತ್ರು. ಹಸಿರು ಪುಡಿಯಾಗಿ ಉದುರುವ ಕಿಲುಬು ಕಂಡರೆ ಆ ಪದಕವನ್ನು ಉಳಿದವುಗಳಿಂದ ಬೇರ್ಪಡಿಸಿ ಒಣ ಡಬ್ಬಿಯಲ್ಲಿಡಿ. ಮೆತ್ತನೆಯ ಪಿವಿಸಿ ಕವರಿನಿಂದ ಅಂಟು ಬಿಟ್ಟು ಲೋಹ ಹಸಿರಾಗುತ್ತದೆ. ಆಲ್ಬಮ್ಮಿನಲ್ಲಿ ನಾಣ್ಯದ ಜೊತೆ ಸೇರಿಸಿಟ್ಟ ಪದಕಗಳು ಹಾಳಾಗುವುದು ಹೀಗೆಯೇ. ಆಮ್ಲರಹಿತ ಕಾಗದದಲ್ಲಿ ಒಂದೊಂದನ್ನೂ ಬೇರೆ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಹರಳಿನ ಬಣ್ಣ ತಿರುಗಿದ ಕೂಡಲೇ ಬದಲಿಸಿ. ಹತ್ತಿ, ನ್ಯೂಸ್ ಪೇಪರ್, ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ. ಅಂಚಿನ ಬರಹ, ಅಳತೆ, ತೂಕ, ಫೋಟೊ, ಆರ್ಮಿ ಲಿಸ್ಟಿನ ತಿಂಗಳು ಮತ್ತು ಪುಟ, ಗೆಜೆಟ್ಟಿನ ದಿನಾಂಕ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅದೇ ಡಬ್ಬಿಯಲ್ಲಿಡಿ. ಮನೆಯಲ್ಲಿ ಕೇಳಿದ್ದನ್ನೂ ಬರೆಯಿರಿ, ಆದರೆ ಕೇಳಿದ್ದು ಎಂದೇ ಗುರುತು ಹಾಕಿ.

ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಅಥವಾ ಲಂಡನ್ನಿನ ಹರಾಜಿಗೆ ಹಾಕುವ ಯೋಚನೆ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಐತಿಹಾಸಿಕ ಮಹತ್ವದ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಹಸ್ತಪ್ರತಿ ಮತ್ತು ದಾಖಲೆಗಳಿಗೆ ಈ ಮಿತಿ 75 ವರ್ಷ. ಮೊದಲ ಮಹಾಯುದ್ಧದ ಪದಕಗಳು ಈಗ ನೂರು ದಾಟಿವೆ, ಅವುಗಳ ಜೊತೆಗಿರುವ ಕಮಿಷನ್ ಪತ್ರ, ಡೈರಿಗಳು 75 ದಾಟಿವೆ. ಪಾರ್ಸೆಲ್ ಕಟ್ಟುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರಿನ ಕಚೇರಿಗೆ ಫೋಟೊ ಮತ್ತು ಆ ವಿವರದ ಹಾಳೆಯೊಂದಿಗೆ ಹೋಗಿ ಲಿಖಿತ ಉತ್ತರ ಪಡೆದುಕೊಳ್ಳಿ.